ಸ್ಪಷ್ಟನೆ: ಗಣಿ ಚಿಕ್ಕದಾದರೂ ಪರಿಸರ ಅನುಮತಿ ಬೇಕು

ನಮ್ಮೂರ ಹೊಳೆಬದಿಯಲ್ಲಿ ಬರಲಿರುವ ಜಲ್ಲಿ-ಮರಳು ಗಣಿ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘5 ಹೆಕ್ಟೇರಿಗಿಂತ ಕಡಿಮೆ ಜಾಗ, ಪರಿಸರ ಅನುಮತಿ ಬೇಡ, ಸುಮ್ನೆ ಗಲಾಟೆ ಯಾಕೆ?’

ಇದು ತಪ್ಪು. ಅಷ್ಟು ಚಿಕ್ಕ ಗುತ್ತಿಗೆಗೂ ಅನುಮತಿ ಬೇಕು ಎಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ.

‘ಮರಳು ತೆಗೆದ ಜಾಗ ಮಳೆಗಾಲದಲ್ಲಿ ಮತ್ತೆ ತುಂಬುತ್ತದೆ’ ಅನ್ನೋ ಮಾತೂ ಅರ್ಧ ನಿಜ ಅಷ್ಟೇ. ಹೊಳೆ ತಂದು ಹಾಕುವುದಕ್ಕಿಂತ ಜಾಸ್ತಿ ತೆಗೆದರೆ ತಳ ಇಳಿಯುತ್ತದೆ. ದಡದ ಬಾವಿಯ ನೀರೂ ಜೊತೆಗೇ ಕೆಳಗಿಳಿಯುತ್ತದೆ, ಸೇತುವೆ ಕಂಬದ ಬುಡ ಹೊರಗೆ ಕಾಣುತ್ತದೆ. ಆಳ 3 ಮೀಟರ್ ದಾಟಬಾರದು ಎಂದು ಕೇಂದ್ರದ 2016ರ ಮಾರ್ಗಸೂಚಿ ಸುಮ್ನೆ ಹೇಳಿಲ್ಲ ಅಲ್ವಾ?

ಊರಿಗೆ ಜಲ್ಲಿಯೇ ಬೇಡ ಎಂದು ನಾವ್ಯಾರೂ ಹೇಳಿಲ್ಲ. ಗಣಿಯವರ ಹತ್ತಿರ ಅನುಮತಿ ಪತ್ರ ಇದ್ದರೆ ತೋರಿಸಲಿ, ಓದುತ್ತೇವೆ.