ಸೋತ ದಂಡಿನ ಸಿಪಾಯಿ, ಗೆದ್ದ ಸರ್ಕಾರದ ಷರಾ

ಗಂಡ ಸತ್ತದ್ದನ್ನು ರುಜುವಾತು ಮಾಡುವುದು ಕಷ್ಟವಲ್ಲ. ಚರ್ಚಿನ ಹಿತ್ತಲಲ್ಲಿ ಗೋರಿ ಇದೆ, ಮಣ್ಣು ಕೊಟ್ಟ ಪಾದ್ರಿ ಇದ್ದಾನೆ, ನೋಡಿದ ಊರಿದೆ. ಆದರೆ ನಲವತ್ತು ವರ್ಷದ ಹಿಂದೆ ಅವನು ದಂಡಿನಿಂದ ಓಡಿಬಂದಿರಲಿಲ್ಲ ಅಂತ ರುಜುವಾತು ಮಾಡಿ ನೋಡೋಣ! 1900ರ ಆಸುಪಾಸಿನಲ್ಲಿ ಅಮೆರಿಕದ ದಕ್ಷಿಣ ಸೀಮೆಯಲ್ಲಿ ಕಾನ್ಫೆಡರೇಟ್ ಸಿಪಾಯಿಯ, ಅಂದರೆ ಅಂತರ್ಯುದ್ಧದಲ್ಲಿ ದಕ್ಷಿಣದ ಪರವಾಗಿ ಕಾದಾಡಿ ಸೋತ ದಂಡಿನವನ, ವಿಧವೆ ಮಾಸಾಶನ ಕೇಳಿಕೊಂಡು ಕೌಂಟಿ ಕಚೇರಿಯ ಮೆಟ್ಟಿಲು ಹತ್ತಿದರೆ, ಅವಳಿಗೆ ಎದುರಾಗುತ್ತಿದ್ದದ್ದು ಈ ಎರಡನೆಯ ಪರೀಕ್ಷೆ.

ಯಾವ ರೆಜಿಮೆಂಟು? ಯಾವ ಕಂಪನಿ? ಸೇರಿದ್ದು ಎಲ್ಲಿ, ಯಾವ ತಿಂಗಳು? ಕಂಪನಿ ಶರಣಾದದ್ದು ಎಲ್ಲಿ? ಆಗ ಅಲ್ಲಿದ್ದನೋ? ಇರಲಿಲ್ಲವಾದರೆ ಎಲ್ಲಿದ್ದ, ಯಾವಾಗ ದಂಡು ಬಿಟ್ಟ, ಯಾವ ಕಾರಣಕ್ಕೆ, ಯಾರ ಅಪ್ಪಣೆಯ ಮೇಲೆ?

ಜಾರ್ಜಿಯಾದ ನಮೂನೆಗಳಲ್ಲಿ ಹೀಗೆಯೇ ಕೇಳುತ್ತಿದ್ದರು. 1865ರ ಏಪ್ರಿಲ್ 9ರಂದು ದಕ್ಷಿಣದ ದಂಡಿನ ಜನರಲ್ ಲೀ ವರ್ಜೀನಿಯಾದ ಅಪೊಮ್ಯಾಟಾಕ್ಸ್‌ನಲ್ಲಿ ಶರಣಾಗುವ ಹೊತ್ತಿಗೆ ಕಾಲಿಗೆ ಬೂಟಿಲ್ಲದ, ಹೊಟ್ಟೆಗೆ ಜೋಳದ ಹಿಟ್ಟೂ ಇಲ್ಲದ ಸಾವಿರಾರು ಸಿಪಾಯಿಗಳು ಆಗಲೇ ಊರ ದಾರಿ ಹಿಡಿದಿದ್ದರು. ಯಾರ ಅಪ್ಪಣೆಯ ಮೇಲೆ? ಹಸಿವಿನ ಅಪ್ಪಣೆಯ ಮೇಲೆ. ಕೆಲವರಂತೂ ಹೆಂಡತಿಯ ಅಪ್ಪಣೆಯ ಮೇಲೆ. ‘ಮಕ್ಕಳಿಗೆ ಗಂಜಿಗೂ ಗತಿಯಿಲ್ಲ, ಬಂದುಬಿಡಿ’ ಅಂತ ಕಾಗದ ಬರೆದು ಗಂಡನನ್ನು ಕರೆಸಿಕೊಂಡ ಹೆಂಗಸರು ಆ ಸೀಮೆಯಲ್ಲಿ ಬಹಳ ಮಂದಿ. ಈಗ ಅದೇ ಕೈಯಲ್ಲಿ ಬೈಬಲ್ ಮುಟ್ಟಿ, ‘ನನ್ನ ಯಜಮಾನರು ಕೊನೆಯವರೆಗೂ ದಂಡು ಬಿಡಲಿಲ್ಲ’ ಅನ್ನಬೇಕು. ಓಡಿಬಂದು ಮಕ್ಕಳನ್ನು ಉಳಿಸಿದವನ ಹೆಂಡತಿಗೆ ಸೊನ್ನೆ. ಓಡಿಬರದೆ ಸತ್ತು, ಮಕ್ಕಳನ್ನೂ ಸಾಯಲು ಬಿಟ್ಟವನ ಹೆಂಡತಿಗೆ ಮಾಸಾಶನ.

ಇಷ್ಟಕ್ಕೂ ಮಾಸಾಶನ ಕೊಡುತ್ತಿದ್ದವರು ಯಾರು? ಗುಲಾಮಗಿರಿ ಉಳಿಸಿಕೊಳ್ಳಲು ಹನ್ನೊಂದು ರಾಜ್ಯಗಳು ದೇಶ ಬಿಟ್ಟು ಹೋಗಿ, ನಾಲ್ಕು ವರ್ಷ ಹೊಡೆದಾಡಿ ಸೋತವು. ದಂಗೆ ಎದ್ದವರಿಗೆ ವಾಷಿಂಗ್ಟನ್ನಿನ ಖಜಾನೆಯಿಂದ ಬಿಡಿಗಾಸೂ ಸಿಗುವಂತಿರಲಿಲ್ಲ. ನ್ಯಾಯವೇ. ಹಾಗಾಗಿ ದಕ್ಷಿಣದ ರಾಜ್ಯಗಳು ತಮ್ಮ ತಮ್ಮ ಚೀಲ ಬಿಚ್ಚಿದವು. ಮೊದಲು ಕೈಕಾಲು ಕಳೆದುಕೊಂಡವರಿಗೆ. 1866ರಲ್ಲಿ ಮಿಸಿಸಿಪ್ಪಿಯ ವರಮಾನದ ಐದರಲ್ಲಿ ಒಂದು ಪಾಲು ಮರದ ಕೈಕಾಲುಗಳಿಗೇ ಹೋಯಿತು. ಆಮೇಲೆ ಬಡ ಸಿಪಾಯಿಗಳಿಗೆ, ವಿಧವೆಯರಿಗೆ. ಉತ್ತರ ಕೆರೊಲಿನಾ 1885ರಲ್ಲಿ, ವರ್ಜೀನಿಯಾ 1888ರಲ್ಲಿ, ಟೆಕ್ಸಾಸ್ 1899ರಲ್ಲಿ. ಟೆನೆಸಿಗೆ ವಿಧವೆಯರೂ ಊಟ ಮಾಡುತ್ತಾರೆ ಅಂತ ಹೊಳೆದದ್ದು 1905ರಲ್ಲಿ. ಒಕ್ಲಹೋಮಾ 1915ರಲ್ಲಿ ಶುರುಮಾಡಿತು. ಯುದ್ಧ ನಡೆದಾಗ ಒಕ್ಲಹೋಮಾ ಅಂತ ಒಂದು ರಾಜ್ಯವೇ ಇರಲಿಲ್ಲ!

ಅದಕ್ಕೂ ಕಾರಣವಿದೆ. ಗಂಡ ಯಾವ ರಾಜ್ಯದ ಪರವಾಗಿ ಕಾದಾಡಿದ್ದ ಅನ್ನುವುದು ಮುಖ್ಯವಲ್ಲ, ಹೆಂಡತಿ ಈಗ ಎಲ್ಲಿ ಒಲೆ ಹಚ್ಚುತ್ತಾಳೆ ಅನ್ನುವುದು ಮುಖ್ಯ. ಗಂಡ ಅಲಬಾಮಾಗಾಗಿ ಕಾಲು ಕೊಟ್ಟ, ಅಜ್ಜಿ ಈಗ ಮಗಳ ಮನೆ ಅಂತ ಟೆಕ್ಸಾಸಿಗೆ ಬಂದು ಕೂತಿದ್ದಾಳೆ. ಅಲಬಾಮಾ ಹೇಳುತ್ತದೆ, ನೀನು ನಮ್ಮವಳಲ್ಲ. ಟೆಕ್ಸಾಸ್ ಹೇಳುತ್ತದೆ, ನೀನು ಬಂದು ಎಷ್ಟು ವರ್ಷವಾಯಿತು? ಕಾಲು ಯಾವ ರಾಜ್ಯದ ಮಣ್ಣಲ್ಲಿದೆಯೋ, ಅದನ್ನು ಯಾರೂ ಕೇಳುವುದಿಲ್ಲ.

ಇನ್ನು ದಾಖಲೆ. ಜತೆಯಲ್ಲಿ ಕಾದಾಡಿದ ಸಿಪಾಯಿಗಳು ಬಂದು ಪ್ರಮಾಣ ಮಾಡಬೇಕು. ಗಂಡ ಸತ್ತಿದ್ದಾನೆ, ಅವನ ವಾರಿಗೆಯವರು ಮಾತ್ರ ಬದುಕಿರಬೇಕು, ಅವರಿಗೆ ಮರೆವು ಬಂದಿರಬಾರದು, ಇವಳ ಮೇಲೆ ಬೇಲಿ ಜಗಳದ ಸಿಟ್ಟೂ ಇರಬಾರದು. ಸಾಕ್ಷಿ ಸಾಲದಿದ್ದರೆ ಸೈನ್ಯದ ಹಾಜರಿ ಪುಸ್ತಕ ನೋಡಬೇಕು. ಅದು ಎಲ್ಲಿದೆ? ದಕ್ಷಿಣದವರ ರಾಜಧಾನಿ ರಿಚ್ಮಂಡ್ ಬಿದ್ದಾಗ ಕಾನ್ಫೆಡರೇಟ್ ಸರ್ಕಾರದ ಕಾಗದಪತ್ರಗಳಲ್ಲಿ ಸುಟ್ಟು ಉಳಿದವು ಗೆದ್ದವರ ಕೈಗೆ ಸಿಕ್ಕಿ ವಾಷಿಂಗ್ಟನ್ ಸೇರಿದ್ದವು. ಆದ್ದರಿಂದ ರಾಜ್ಯದ ಮಾಸಾಶನ ಕಚೇರಿ ವಾಷಿಂಗ್ಟನ್ನಿನ ಯುದ್ಧ ಇಲಾಖೆಗೆ ಕಾಗದ ಬರೆಯುತ್ತಿತ್ತು. ‘ಇಂಥವನು ತಮ್ಮ ಮೇಲೆ ಸರಿಯಾಗಿ ಗುಂಡು ಹಾರಿಸಿದ್ದನೇ, ದಯವಿಟ್ಟು ತಿಳಿಸಿ’ ಅನ್ನುವುದು ಅದರ ಸಾರಾಂಶ. ಶತ್ರುವಿನ ಗುಮಾಸ್ತ ಕಪಾಟಿನಿಂದ ಪಟ್ಟಿ ತೆಗೆದು, ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿ, ‘ಇಂಥ ತಿಂಗಳವರೆಗೆ ಹಾಜರು, ಆಮೇಲಿನ ದಾಖಲೆ ಇಲ್ಲ’ ಅಂತ ಷರಾ ಬರೆದು ಕಳಿಸುತ್ತಿದ್ದ. ‘ದಾಖಲೆ ಇಲ್ಲ’ ಅಂದರೆ ಅವನ ಲೆಕ್ಕದಲ್ಲಿ ಹಾಳೆ ಸುಟ್ಟುಹೋಗಿದೆ ಅಂತ. ಇತ್ತ ಅದನ್ನು ಓದಿದವರ ಲೆಕ್ಕದಲ್ಲಿ ಸಿಪಾಯಿ ಓಡಿಹೋಗಿದ್ದಾನೆ ಅಂತ. ದಕ್ಷಿಣದ ವೀರಾವೇಶದ ಭಾಷಣಗಳನ್ನೆಲ್ಲ ಕೇಳಿದ ಮೇಲೂ ನನಗೆ ಖಾತ್ರಿಯಾಗಿರುವುದು ಇಷ್ಟು: ಅವರ ಗಂಡಸ್ತನಕ್ಕೆ ಮುದ್ರೆ ಬೀಳುತ್ತಿದ್ದದ್ದು ಉತ್ತರದಲ್ಲಿ.

ಗಂಡನ ಶೌರ್ಯ ಪಾಸಾದರೆ ಹೆಂಡತಿಯ ಬಡತನದ ಪರೀಕ್ಷೆ. ಉತ್ತರ ಕೆರೊಲಿನಾದಲ್ಲಿ 500 ಡಾಲರಿಗಿಂತ ಹೆಚ್ಚು ಆಸ್ತಿ ಇದ್ದರೆ ಅರ್ಜಿ ಹಾಕುವಂತಿರಲಿಲ್ಲ. ಜಾರ್ಜಿಯಾದಲ್ಲಿ ಈಗ ಇರುವ ಆಸ್ತಿ ಹೇಳಿದರೆ ಸಾಲದು, ಹಿಂದೆ ಏನಿತ್ತು, ಅದನ್ನು ಏನು ಮಾಡಿದೆ ಅಂತಲೂ ಒಪ್ಪಿಸಬೇಕು. ಒಂದು ಹಸು, ಒಂದು ಹಾಸಿಗೆ, ಒಂದು ಕಬ್ಬಿಣದ ಬಾಣಲೆ. ಹಸು ಹಾಲು ಕೊಡುತ್ತದೆಯೇ? ಕೊಟ್ಟರೆ ಅದು ಆದಾಯ. ಮಗ ನೋಡಿಕೊಳ್ಳುತ್ತಾನೆಯೇ? ಹೌದು ಅಂದರೆ ಅರ್ಜಿ ಹೋಯಿತು, ಇಲ್ಲ ಅಂದರೆ ಮಗನ ಮಾನ ಹೋಯಿತು. ಪಟ್ಟಿಯನ್ನು ಹತ್ತು ಜನರೆದುರು ಓದುವಾಗ ಹಸುವೇ ಪುಣ್ಯವಂತೆ, ಅದಕ್ಕೆ ಕಿವಿ ಕೇಳಿದರೂ ಭಾಷೆ ತಿಳಿಯದು.

ಅವಳು ಅತ್ತ ಹಸುವಿನ ಬೆಲೆ ಹೇಳುತ್ತಿದ್ದಾಗ ಇತ್ತ ಅದೇ ಕೋರ್ಟಿನ ಅಂಗಳದಲ್ಲಿ ಕಲ್ಲಿನ ಸಿಪಾಯಿಯನ್ನು ನಿಲ್ಲಿಸುತ್ತಿದ್ದರು. ಇಂಥ ಕಲ್ಲುಗಳನ್ನು ನಿಲ್ಲಿಸಲು ಮುಂದೆ ನಿಂತ ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರೆಸಿ ಅನ್ನುವ ಮಹಿಳಾ ಸಂಘ ಹುಟ್ಟಿದ್ದು 1894ರಲ್ಲಿ. ಅಲ್ಲಿಂದ ಮುಂದಿನ ಎರಡು ದಶಕ ದಕ್ಷಿಣದಲ್ಲಿ ಕಲ್ಲುಕುಟಿಗರಿಗೆ ಸುಗ್ಗಿ. ಕಲ್ಲಿನ ಸಿಪಾಯಿ ಎಂದೂ ಓಡಿಹೋಗುವುದಿಲ್ಲ, ಅವನಿಗೆ ಹೆಂಡತಿಯೂ ಇಲ್ಲ. ಇಷ್ಟು ಅನುಕೂಲದ ಹುತಾತ್ಮ ಇನ್ನೆಲ್ಲಿ ಸಿಗುತ್ತಾನೆ?

ಮುದುಕಿಯರನ್ನು ಇಷ್ಟು ಸೋಸಿದ ಜರಡಿ ಮುದುಕರನ್ನೂ ಹೀಗೆಯೇ ಸೋಸಿತೇ? ಟೆಕ್ಸಾಸಿನ ವಾಲ್ಟರ್ ವಿಲಿಯಮ್ಸ್ 1932ರಿಂದ ಕಾನ್ಫೆಡರೇಟ್ ಮಾಸಾಶನ ಪಡೆಯುತ್ತಿದ್ದರು. 1959ರ ಡಿಸೆಂಬರಿನಲ್ಲಿ ತೀರಿಕೊಂಡಾಗ ವಯಸ್ಸು 117 ಅಂತ ಲೆಕ್ಕ. ಆ ಯುದ್ಧದ ಕೊನೆಯ ಸಿಪಾಯಿ ಅಂತ ಅಧ್ಯಕ್ಷ ಐಸೆನ್‌ಹೋವರ್ ರಾಷ್ಟ್ರೀಯ ಶೋಕ ಸಾರಿದರು. ಜನಗಣತಿ ಪುಸ್ತಕ ತೆರೆದು ನೋಡಿದರೆ ಯುದ್ಧ ಮುಗಿದಾಗ ಹುಡುಗನಿಗೆ ಹತ್ತರ ಆಚೀಚೆ. ಅದೇ ಕಾಲಕ್ಕೆ, 1958ರಲ್ಲಿ, ಅಮೆರಿಕದ ಸಂಸತ್ತು ದೊಡ್ಡ ಮನಸ್ಸು ಮಾಡಿ ಕಾನ್ಫೆಡರೇಟರಿಗೂ ಅವರ ವಿಧವೆಯರಿಗೂ ಕೇಂದ್ರದ ಮಾಸಾಶನ ಕೊಡುವ ಕಾನೂನು ಮಾಡಿತ್ತು. ಖಚಿತ ದಾಖಲೆ ಇರುವ ಕೊನೆಯ ಕಾನ್ಫೆಡರೇಟ್ ಸಿಪಾಯಿ ಪ್ಲೆಸೆಂಟ್ ಕ್ರಂಪ್ ತೀರಿಕೊಂಡು ಆಗ ಆರು ವರ್ಷ ದಾಟಿತ್ತು. ಊಟದ ಪಂಕ್ತಿ ಎದ್ದ ಮೇಲೆ ಪಾಯಸ ಬಂತು.

ಆದರೂ ಎಲೆ ಮುಂದೆ ಕೂತವರು ಇದ್ದರು. ಬಡತನ ಹಾಗೆ. ತಿಂಗಳಿಗೆ 50 ಡಾಲರ್ ಬರುತ್ತಿದ್ದ 81ರ ಮುದುಕ ವಿಲಿಯಂ ಜಾಸ್ಪರ್ ಮಾರ್ಟಿನ್ ಅವರನ್ನು ಅಲಬಾಮಾದ ಅಲ್ಬರ್ಟಾ 1927ರಲ್ಲಿ ಮದುವೆಯಾದಾಗ ಅವರಿಗೆ 21. ಮುದುಕ ಸತ್ತ ಮೇಲೆ ಅವನ ಮೊಮ್ಮಗನನ್ನೇ ಕಟ್ಟಿಕೊಂಡರು. ನಗುವವರು ನಗಲಿ, ಅವರಿಗೆ ರಾಜ್ಯದ ವಿಧವಾ ಮಾಸಾಶನ ಮಂಜೂರಾದದ್ದು 1996ರಲ್ಲಿ, ಯುದ್ಧ ಮುಗಿದು 131 ವರ್ಷಕ್ಕೆ. ಅರ್ಕಾನ್ಸಾದ ಮಾಡಿ ಹಾಪ್ಕಿನ್ಸ್ 19ರಲ್ಲಿ 86ರ ಸಿಪಾಯಿಯನ್ನು ಮದುವೆಯಾದರು. ಅವರಿಗೆ ಆ ಭಾಗ್ಯವೂ ಇಲ್ಲ. 1870ರ ಆಚೆಗೆ ಹುಟ್ಟಿದ ವಿಧವೆಗೆ ಮಾಸಾಶನವಿಲ್ಲ ಅಂತ ಅರ್ಕಾನ್ಸಾ 1939ರಲ್ಲಿ ಕಾನೂನು ತಂದಿತ್ತು. ಇವರು ಹುಟ್ಟಿದ್ದು 1914ರಲ್ಲಿ. ಮುದುಕನಿಗೆ ಮಡಿ ಒಗೆದು, ಮನೆ ಗುಡಿಸಿದ ಕೈಗೆ ಸಿಕ್ಕಿದ್ದು ಊರವರು ಆಡಿಕೊಳ್ಳುತ್ತಾರೆ ಅನ್ನುವ ಭಯ. ದಶಕಗಟ್ಟಲೆ ಬಾಯಿ ಬಿಡಲಿಲ್ಲ.

ಈ ಸಾಲಿನಲ್ಲಿ ನಿಲ್ಲಲೂ ಬಿಡದ ಇನ್ನೊಬ್ಬ ವಿಧವೆ ಟೆನೆಸಿಯಲ್ಲಿದ್ದರು. ಕ್ಯಾಲಿ ಹೌಸ್, ನ್ಯಾಶ್‌ವಿಲ್‌ನಲ್ಲಿ ಬಟ್ಟೆ ಒಗೆದು ಐದು ಮಕ್ಕಳನ್ನು ಸಾಕಿದವರು, ಗುಲಾಮಗಿರಿಯಲ್ಲಿ ಹುಟ್ಟಿದವರು. ಬಿಟ್ಟಿ ದುಡಿದವರಿಗೂ ಮಾಸಾಶನ ಕೊಡಿ ಅಂತ ಅವರು ಮಾಜಿ ಗುಲಾಮರ ಸಂಘ ಕಟ್ಟಿದರು. ಇಂಥ ಮಾಸಾಶನ ಸರ್ಕಾರ ಎಂದೂ ಕೊಡುವುದಿಲ್ಲ, ಹಾಗಾಗಿ ಅದರ ಆಸೆ ತೋರಿಸಿ ವಂತಿಗೆ ಎತ್ತುವುದೇ ಮೋಸ ಅಂತ ಸರ್ಕಾರವೇ ವಾದ ಹೂಡಿ, 1917ರಲ್ಲಿ ಅವರನ್ನು ಒಂದು ವರ್ಷ ಒಂದು ದಿನದ ಸೆರೆಗೆ ಕಳಿಸಿತು. ಕೊಡುವುದಿಲ್ಲ ಅಂದವನು ಸಾಚಾ, ಕೇಳಿದವಳು ಮೋಸಗಾತಿ. ನಾಲ್ಕು ವರ್ಷದಲ್ಲಿ ಟೆನೆಸಿ ಕರಿಯರಿಗೂ ಮಾಸಾಶನ ಶುರುಮಾಡಿತು. ಯಾರಿಗೆ ಅಂದರೆ, ಯುದ್ಧಕ್ಕೆ ಹೋದ ಒಡೆಯನ ಬೂಟು ಒರೆಸಿ, ಅಡುಗೆ ಮಾಡಿ, ಕುದುರೆ ಮೇಯಿಸಿದವರಿಗೆ. ನಮೂನೆಯಲ್ಲಿ ಒಡೆಯನ ಹೆಸರು ಬರೆಯಲು ಮರೆಯದೆ ಒಂದು ಗೆರೆ ಬಿಟ್ಟಿದ್ದರು.

ಅಲಬಾಮಾ ಮಾತ್ರ ಲೆಕ್ಕ ಇನ್ನೂ ಮುಚ್ಚಿಲ್ಲ. 1901ರ ಸಂವಿಧಾನದಲ್ಲಿ ಈ ಸಿಪಾಯಿಗಳಿಗಾಗಿ ಹಾಕಿದ ಆಸ್ತಿ ತೆರಿಗೆ ಈಗಲೂ ವಸೂಲಾಗುತ್ತಿದೆ, ಗುಲಾಮರ ಮರಿಮಕ್ಕಳ ಮನೆಗಳಿಂದಲೂ. ಅದರ ಬಹುಪಾಲು ಬೇರೆ ಇಲಾಖೆಗಳಿಗೆ ಹೋದರೂ, ಮೌಂಟನ್ ಕ್ರೀಕ್‌ನ ಹಳೆಯ ಸಿಪಾಯಿಗಳ ಆಶ್ರಮದ ಜಾಗದಲ್ಲಿರುವ ಸ್ಮಾರಕ ಉದ್ಯಾನಕ್ಕೆ ವರ್ಷಕ್ಕೆ 5 ಲಕ್ಷ ಡಾಲರಿಗೂ ಮೇಲೆ ಸಲ್ಲುತ್ತದೆ. ಆಶ್ರಮಕ್ಕೆ ಬೀಗ ಬಿದ್ದದ್ದು 1939ರಲ್ಲಿ. ಉದ್ಯಾನಕ್ಕೆ ದುಡ್ಡು ಕೊಡುವ ಮುಂಚೆ ಇಬ್ಬರು ಸಾಕ್ಷಿ ಕರೆತಾ ಅಂತ ಯಾರೂ ಕೇಳಿದ್ದಿಲ್ಲ, ನಿನಗೆ ಹಸು ಇದೆಯಾ ಅಂತಲೂ ಕೇಳಿದ್ದಿಲ್ಲ.