ಝೀರೋ ನೋಡಿ ಮಾಸ್ತರೆ

ಬಂಕಿನ ಹುಡುಗ ಪ್ರತಿ ಸಲ ತಪ್ಪದೆ ಹೇಳುವ ಮಾತು ಒಂದೇ. “ಝೀರೋ ನೋಡಿ ಮಾಸ್ತರೆ.” ನಾನೂ ಕನ್ನಡಕ ಮೇಲೇರಿಸಿ ನೋಡುತ್ತೇನೆ. ಇಪ್ಪತ್ತು ವರ್ಷದಿಂದ ನೋಡುತ್ತಲೇ ಇದ್ದೇನೆ. ಮೋಸ ಆಗುವುದು ಮೀಟರಿನಲ್ಲಿ ಅಂತ ಯಾರೋ ನಮಗೆ ಕಲಿಸಿಬಿಟ್ಟಿದ್ದಾರೆ. ಪೈಪಿನಲ್ಲಿ ಬರುತ್ತಿರುವುದು ಎಂತದು ಅಂತ ನೋಡಲು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಈ ಆಷಾಢದಲ್ಲಿ ನನ್ನ 2014ರ ಸ್ಕೂಟರ್ ಕಾರವಾರದ ಕೋಡಿಬಾಗ ದಾಟಿ ಕಾಳಿ ಸೇತುವೆಯ ನಟ್ಟನಡುವೆ ಕೆಮ್ಮಿತು, ನಡುಗಿತು, ನಿಂತಿತು. ಪಕ್ಕದ ಹಳೇ ಸೇತುವೆ 2024ರ ಆಗಸ್ಟಿನಲ್ಲಿ ನದಿಗೆ ಬಿದ್ದ ಮೇಲೆ ಅಲ್ಲಿ ಗಾಡಿ ನಿಂತರೆ ಎದೆಯೂ ಅರ್ಧ ನಿಲ್ಲುತ್ತದೆ. ಮಳೆಯಲ್ಲಿ ನೆನೆಯುತ್ತಾ ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿದ. “ಎಂತ ಕುಡಿಸಿದ್ರಿ ಮಾಸ್ತರೆ ಇದಕ್ಕೆ?”

ಆಮೇಲೆ ನನಗೆ ಒಂದು ಪಾಠ ಮಾಡಿದ. ಖಾಲಿ ನೀರಿನ ಬಾಟಲಿಗೆ ಒಂದು ಬೆರಳು ನೀರು ಹಾಕಿ, ಪೆನ್ನಿನಿಂದ ಗೆರೆ ಎಳೆದ. ಅದರ ಮೇಲೆ ನನ್ನ ಟ್ಯಾಂಕಿನ ಪೆಟ್ರೋಲು, ಐದು ಬೆರಳು. ಚೆನ್ನಾಗಿ ಕುಲುಕಿ ಸ್ಟೂಲಿನ ಮೇಲೆ ಇಟ್ಟು ಬೀಡಿ ಹಚ್ಚಲು ಆಚೆ ಹೋದ. ಬೀಡಿ ಮುಗಿಯುವಷ್ಟರಲ್ಲಿ ಕೆಳಗಿನ ನೀರು ಗೆರೆ ದಾಟಿ ಎರಡು ಬೆರಳಾಗಿತ್ತು! ಪೆಟ್ರೋಲಿನಲ್ಲಿದ್ದ ಎಥೆನಾಲು, ಅಂದರೆ ಕಬ್ಬು, ಅಕ್ಕಿಯಿಂದ ತೆಗೆಯುವ ಮದ್ಯಸಾರ, ನೀರಿನ ಜೊತೆ ಸಂಸಾರ ಹೂಡಿ ಕೆಳಗೆ ಕೂತಿತ್ತು. ಹಾಲಿಗೆ ನೀರು ಹಾಕಿದರೆ ಹಾಲು ಜಾಸ್ತಿಯಾಗುವುದನ್ನು ಕಂಡಿದ್ದೆ. ನೀರಿಗೆ ಪೆಟ್ರೋಲು ಹಾಕಿದರೆ ನೀರು ಜಾಸ್ತಿಯಾಗುವುದನ್ನು ಕಂಡಿದ್ದು ಇದೇ ಮೊದಲು.

ಇದು ಬಂಕಿನವನ ಕೈಚಳಕ ಅಲ್ಲ ಮಾರಾಯ್ರೆ. ಇದೇ ಕಾನೂನು. ಇದರ ಹೆಸರು ಇ20. ನೂರಕ್ಕೆ ಇಪ್ಪತ್ತು ಎಥೆನಾಲು. 2030ಕ್ಕೆ ಅಂತಿದ್ದ ಗುರಿಯನ್ನು 2025ಕ್ಕೇ ಮುಟ್ಟಿಬಿಟ್ಟರು. ಐದು ವರ್ಷ ಮೊದಲೇ! ಹುಬ್ಬಳ್ಳಿ-ಅಂಕೋಲಾ ರೈಲಿಗೆ ಕಾದು ಕಾದು ತಲೆ ಬೆಳ್ಳಗಾದವರು ನಾವು. ಸರ್ಕಾರಿ ಕೆಲಸವೊಂದು ಐದು ವರ್ಷ ಮೊದಲು ಮುಗಿಯಿತು ಅಂದರೆ ಎದ್ದು ನಿಂತು ಚಪ್ಪಾಳೆ ತಟ್ಟಬೇಕು. ತಟ್ಟುತ್ತೇನೆ. ಗಾಡಿ ತಳ್ಳಿ ಕೈ ನೋಯುತ್ತಿದೆ, ಸ್ವಲ್ಪ ತಡೆಯಿರಿ.

ಎಥೆನಾಲಿನ ಗುಣ ನಮ್ಮ ಸಾಣಿಕಟ್ಟೆ ಉಪ್ಪಿನದೇ. ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ಈ ಕರಾವಳಿಯ ಮಳೆಗಾಲ ದಿಲ್ಲಿಯವರಿಗೆ ಹೇಗೆ ಗೊತ್ತಾಗಬೇಕು? ಜೂನ್ ಬಂತೆಂದರೆ ಉಪ್ಪಿನ ಭರಣಿಯಲ್ಲಿ ಉಪ್ಪು ಇರುವುದಿಲ್ಲ, ಉಪ್ಪುನೀರು ಇರುತ್ತದೆ. ಬೆಂಕಿಪೊಟ್ಟಣವನ್ನು ಒಲೆಯ ಪಕ್ಕ ಮಗುವಿನ ಹಾಗೆ ಬೆಚ್ಚಗೆ ಮಲಗಿಸಬೇಕು. ಹಪ್ಪಳ ಕರಿದು ತಟ್ಟೆಗೆ ತರುವಷ್ಟರಲ್ಲಿ ಮೆತ್ತಗಾಗಿ ಚಪಾತಿಯಾಗುತ್ತದೆ. ಒಗೆದ ಲುಂಗಿ ಒಣಗಲು ಒಂದು ವಾರ, ಆಮೇಲೂ ಅದಕ್ಕೆ ಹೊಗೆಯ ವಾಸನೆ. ನನ್ನ ಅಜ್ಜಿ ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲೆ, ಹೊಗೆ ತಾಗುವಲ್ಲೇ ಇಡುತ್ತಿದ್ದಳು. ಸ್ಕೂಟರನ್ನು ಅಟ್ಟಕ್ಕೆ ಹತ್ತಿಸುವುದು ಹೇಗೆ?

ಮೈಲೇಜು ಇಳಿಯಿತು ಅಂತ ದೇಶವೆಲ್ಲ ಗಲಾಟೆಯಾದಾಗ 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯ ಉತ್ತರ ಕೊಟ್ಟಿತ್ತಲ್ಲ, ನೆನಪಿದೆಯಲ್ವಾ? ಮೈಲೇಜು ಇಂಧನ ಒಂದರಿಂದಲೇ ನಿರ್ಧಾರ ಆಗುವುದಿಲ್ಲವಂತೆ. ಓಡಿಸುವ ರೀತಿ, ಟಯರಿನ ಗಾಳಿ, ಎಸಿಯ ಹೊರೆ, ಎಲ್ಲವೂ ಸೇರುತ್ತದಂತೆ. ಅಂದಿನಿಂದ ಸ್ಕೂಟರಿನ ಎಸಿ ಬಂದ್ ಮಾಡಿದ್ದೇನೆ. ದೇವಿಮನೆ ಘಟ್ಟ ಹತ್ತುವಾಗ ಕಿಟಕಿ ಗಾಜನ್ನೂ ಇಳಿಸುತ್ತೇನೆ. ಹಳೇ ಗಾಡಿಗಳಲ್ಲಿ ಕೆಲವು ರಬ್ಬರ್ ಸಾಮಾನು ಬದಲಿಸಬೇಕಾಗಬಹುದು, ಆದರೆ ಅದು ಅಗ್ಗ ಅಂತಲೂ ಹೇಳಿದ್ದರು. ನನ್ನ ಅಗ್ಗದ ಬಿಲ್ಲು ಏಳುನೂರ ಐವತ್ತು. ರಸೀದಿ ಇಟ್ಟಿದ್ದೇನೆ, ಯಾರಿಗೆ ಕಳಿಸಲಿ?

ನಮ್ಮ ಅನ್ನದಾತ ಈಗ ಊರ್ಜಾದಾತ, ಅಂದರೆ ಇಂಧನ ಕೊಡುವವ, ಆಗಿದ್ದಾನೆ, ಅದಕ್ಕೆ ಅಡ್ಡಿ ಮಾಡಬೇಡಿ ಅನ್ನುತ್ತಾರೆ. ಅಡ್ಡಿಯಿಲ್ಲ. ಕಬ್ಬು ಬೆಳೆಯುವ ಹಳಿಯಾಳ ನಮ್ಮ ಜಿಲ್ಲೆಯದ್ದೇ. ಆದರೆ 2025ರ ನವೆಂಬರಿನಲ್ಲಿ ಬೆಳಗಾವಿಯ ಗುರ್ಲಾಪುರದಲ್ಲಿ ಟನ್ನಿಗೆ 3500 ರೂಪಾಯಿ ಕೊಡಿ ಅಂತ ರಸ್ತೆಯಲ್ಲಿ ಕೂತವನು ಯಾರು? ಅದೇ ಊರ್ಜಾದಾತ. ಇನ್ನು ಅಕ್ಕಿಯ ಕತೆ. 2023ರಲ್ಲಿ ಅನ್ನಭಾಗ್ಯಕ್ಕೆ ಅಕ್ಕಿ ಸಿಗದೆ ನಮಗೆ ತಲೆಗೆ 170 ರೂಪಾಯಿ ಹಂಚಿದರು. 2025ರಲ್ಲಿ ಎಥೆನಾಲು ಕಾರ್ಖಾನೆಗಳಿಗೆ ಕೇಂದ್ರದ ಗೋದಾಮಿನ ಅಕ್ಕಿ ಕೆಜಿಗೆ 22 ರೂಪಾಯಿ 50 ಪೈಸೆ. ರಾಜ್ಯಗಳಿಗೂ ಅದೇ ದರ. ಹೊಟ್ಟೆಗೂ ಟ್ಯಾಂಕಿಗೂ ಒಂದೇ ರೇಟು. ಸಮಾನತೆ ಅಂದರೆ ಇದು.

ತಮಾಷೆ ಸಾಕು. ಲೀಟರ್ ಎಥೆನಾಲಿನಲ್ಲಿ ಲೀಟರ್ ಪೆಟ್ರೋಲಿನ ಮೂರನೇ ಎರಡರಷ್ಟೇ ಕಸುವು. ಇದು ಸರ್ಕಾರಕ್ಕೆ ಗೊತ್ತು. ನೀತಿ ಆಯೋಗದ 2021ರ ವರದಿಯೇ ಮೈಲೇಜು ಇಳಿಯುತ್ತದೆ ಅಂದಿತ್ತು, ಜನರಿಗೆ ನಷ್ಟ ಆಗದ ಹಾಗೆ ತೆರಿಗೆ ಕಡಿಮೆ ಮಾಡಿ ಅಂತಲೂ ಹೇಳಿತ್ತು. ಮೊದಲ ಮಾತು ನಿಜವಾಯಿತು, ಎರಡನೆಯದು ಕಡತದಲ್ಲೇ ಉಳಿಯಿತು. ಕೇಳಿದರೆ ತೆರಿಗೆ ಸೇರದ ಪೆಟ್ರೋಲಿಗಿಂತ ಎಥೆನಾಲೇ ದುಬಾರಿ, ಲೀಟರಿಗೆ 71 ರೂಪಾಯಿ ಅಂತ 2025ರಲ್ಲಿ ಹೇಳಿದರು. ಬೆರೆಸದ ಪೆಟ್ರೋಲೂ ಇರಲಿ, ಬೇಕಾದವರು ತಗೊಳ್ಳಲಿ ಅಂತ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2025ರ ಸೆಪ್ಟೆಂಬರಿನಲ್ಲಿ ವಜಾ ಆಯಿತು. ನಾನು ಕೇಳಿದ್ದು ಪೆಟ್ರೋಲು, ಕಾಸು ಕೊಟ್ಟಿದ್ದು ಪೆಟ್ರೋಲಿಗೆ. ಬೆರೆಸುವ ಮೊದಲು ನನ್ನನ್ನು ಒಂದು ಮಾತು ಕೇಳಬೇಕು ಅಂತ ಯಾರಿಗೂ ಅನಿಸಲಿಲ್ಲ. ಸುಸ್ತಾಗಿದೆ.

ಮೊನ್ನೆ ಲೀಟರಿಗೆ ಒಂದಷ್ಟು ರೂಪಾಯಿ ಉಳಿಯುತ್ತದೆ ಅಂತ ಎಲ್ಲರ ಹಾಗೆ ನಾನೂ ಗಡಿ ದಾಟಿ ಗೋವಾದ ಪೊಳೆಂಗೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬಂದೆ. ಅಲ್ಲೂ ಅದೇ ಇ20. ವಾಪಸು ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ನನ್ನ ಮುಂದಿನ ಬೈಕಿನವನನ್ನು ಇಳಿಸಿದ್ದರು. ಬಂಗಡೆ ಮೀನಿನ ಚೀಲದ ತಳದಲ್ಲಿ ಒಂದು ಬಾಟಲಿ ಫೆನಿ. ಅವನು ಮದುವೆ ಮನೆಗೆ, ಔಷಧಿಗೆ ಅಂತ ಏನೇನೋ ಹೇಳುತ್ತಿದ್ದ. ಫೆನಿಯಲ್ಲಿ ಮದ್ಯ ಇರುವುದು ಅರ್ಧಕ್ಕೂ ಕಡಿಮೆ. ನನ್ನ ಸೀಟಿನ ಅಡಿಗೆ ಐದು ಲೀಟರಿನ ಟ್ಯಾಂಕಿನಲ್ಲಿ ಅಪ್ಪಟ ಸ್ಪಿರಿಟ್ಟು ಭರ್ತಿ ಒಂದು ಲೀಟರ್ ಇತ್ತು.

ಸಿಬ್ಬಂದಿ ನನ್ನ ಡಿಕ್ಕಿ ತೆಗೆಸಿ ಟಾರ್ಚ್ ಬಿಟ್ಟು ನೋಡಿದ. ರೇನ್‌ಕೋಟು, ಒಂದು ಕಟ್ಟು ಬಸಳೆ.

“ಮತ್ತೇನೂ ಇಲ್ವಾ?”

“ಇಲ್ಲ ಸರ್” ಅಂದೆ. ಸುಳ್ಳು ಹೇಳುವಾಗ ನನ್ನ ಧ್ವನಿ ಸ್ವಲ್ಪ ನಡುಗುತ್ತದೆ. ಪುಣ್ಯಕ್ಕೆ ಸ್ಕೂಟರೂ ನಡುಗುತ್ತಿತ್ತು.