ನೋಡೇಬುಡಾನ!

ಮಂಡ್ಯ ಸೀಮೆಯಲ್ಲಿ ಯುಗಾದಿಗೆ ಬೇವು-ಬೆಲ್ಲ ಎಷ್ಟು ಮುಖ್ಯವೋ ಇಸ್ಪೀಟೂ ಅಷ್ಟೇ ಮುಖ್ಯ. ವರ್ಷವೆಲ್ಲ ಎಲೆ ಮುಟ್ಟದವರೂ ಹಬ್ಬಕ್ಕೆ ಹೊಂಗೆ ಮರದ ಕೆಳಗೆ ಚಾಪೆ ಹಾಸಿಕೊಂಡು ಕೂತುಬಿಡುತ್ತಾರೆ. ಪಾಂಡವಪುರದ ಹತ್ತಿರ ಇರುವ ನನ್ನ ಹೆಂಡತಿಯ ತವರಲ್ಲೂ ಹಾಗೇ. ಮೂರೆಲೆ, ರಮ್ಮಿ, ಅಂದರ್ ಬಾಹರ್ ಎಲ್ಲ ಅವರಿಗೆ ಕರತಲಾಮಲಕ. ಅಂಥವರಿಗೆ ಪೋಕರ್ ಕಲಿಸುತ್ತೇನೆ ಅಂತ ಬಾಯಿಬಿಟ್ಟವನು ನಾನು.

ಮೈಸೂರಿನಲ್ಲಿ ಆರು ತಿಂಗಳು, ರಾತ್ರಿ ಊಟ ಆದ ಮೇಲೆ ಫೋನ್ ಹಿಡಿದು ಪೋಕರ್ ಪಾಠ ನೋಡಿದ್ದೆ. ಆಡಿದ್ದು ಮಾತ್ರ ಇಲ್ಲವೇ ಇಲ್ಲ ಅನ್ನಬಹುದು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ 2025ರಲ್ಲಿ ಕಾನೂನೇ ಬಾಗಿಲು ಹಾಕಿತು. ಹಾಕದಿದ್ದರೂ ನನ್ನ ಹೆಂಡತಿ ಹಾಕಿರುತ್ತಿದ್ದಳು. ಹಾಗಾಗಿ ಕಲಿತ ವಿದ್ಯೆಯೆಲ್ಲ ತಲೆಯಲ್ಲೇ ಕೊಳೆಯುತ್ತಿತ್ತು.

ಹೊಸತೊಡಕಿನ ದಿನ, ಒಳಗೆ ಮಟನ್ ಬೇಯುತ್ತಿರುವಾಗ ಆರು ಜನ ಕೂತೆವು. ಹೆಂಡತಿಯ ಅಜ್ಜಿ, ಮಾವ, ಭಾವಮೈದ, ಹೆಂಡತಿ, ನಾನು, ಮತ್ತೆ ಒಲೆಗೂ ಚಾಪೆಗೂ ಓಡಾಡುತ್ತಾ ಆಡಿದ ಅತ್ತೆ. ತಲೆಗೆ 100 ಹುಣಸೆಬೀಜ. ಆಟ ಸುಲಭ. ಕೈಗೆ ಎರಡು ಎಲೆ. ಚಾಪೆ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು, ಆಮೇಲೆ ಒಂದೊಂದು. ಏಳರಲ್ಲಿ ಒಳ್ಳೆಯ ಐದು ಯಾರದ್ದೋ ಅವರದ್ದೇ ಬೀಜ. ಮಧ್ಯೆ ಮಧ್ಯೆ ಕಟ್ಟಬಹುದು, ಸಾಕು ಅನ್ನಿಸಿದರೆ ಎಲೆ ಬಿಸಾಕಬಹುದು. ಈ ಕೊನೆಯ ಮಾತನ್ನು ನಾನು ಎರಡೆರಡು ಸಲ ಹೇಳಿದೆ. ಯಾರ ಕಿವಿಗೂ ಬೀಳಲಿಲ್ಲ.

ಮೂರನೇ ಆಟದಲ್ಲಿ ನನ್ನ ಕೈಯಲ್ಲಿ ಎರಡು ಆಟೀನ್. ಚಾಪೆ ಮೇಲಿನ ಮೊದಲ ಮೂರರಲ್ಲೂ ಎರಡು ಆಟೀನ್. ಇನ್ನೊಂದು ಬಂದರೆ ಫ್ಲಷ್, ಅಂದರೆ ಐದೂ ಒಂದೇ ಜಾತಿಯ ಎಲೆ. ಕಾಣದ ಎಲೆಗಳಲ್ಲಿ ಒಂಬತ್ತು ಆಟೀನ್ ಉಳಿದಿವೆ. ಎರಡು ಎಲೆ ಬರೋದಿದ್ದಾಗ ನೂರಕ್ಕೆ ಸುಮಾರು 35 ಸಲ ಫ್ಲಷ್ ಆಗುತ್ತದೆ. ನನಗೆ ಉಳಿದ 65ರ ಯೋಗ. ಆದರೇನಂತೆ, ಚಾಪೆ ಮೇಲೆ ಎಕ್ಕ ಬಿದ್ದಿತ್ತಲ್ಲ, ನನ್ನ ಹತ್ತಿರ ಇನ್ನೊಂದು ಎಕ್ಕ ಇರುವವನ ಥರ ಗಂಭೀರವಾಗಿ ಕೂತೆ. 40 ಬೀಜದ ರಾಶಿಗೆ 40 ಬೀಜ ದಬ್ಬಿದೆ. ಲೆಕ್ಕ ಸರಿಯಾಗೇ ಇತ್ತು. ರಾಶಿಯಷ್ಟೇ ಕಟ್ಟಿ ಸುಳ್ಳು ಹೇಳಿದರೆ, ಎರಡಕ್ಕೆ ಒಂದು ಸಲ ಎದುರಿನವರೆಲ್ಲ ಬಿಸಾಕಿದರೂ ಅಸಲು ಕೈಗೆ ಬರುತ್ತದೆ.

"ನೋಡೇಬುಡಾನ" ಅಂದರು ಮಾವ. "ನೋಡೇಬುಡಾನ" ಅಂದ ಭಾವಮೈದ. ಅತ್ತೆ ಸೌಟು ಹಿಡಿದುಕೊಂಡೇ ಬೀಜ ಹಾಕಿದರು. ಹೆಂಡತಿಯೂ ಹಾಕಿದಳು. ಅಜ್ಜಿ ಎರಡರ ಜೋಡಿ ಇಟ್ಟುಕೊಂಡು ಹಾಕಿತು.

"ಅಜ್ಜಿ, ನನ್ನ ಹತ್ರ ಎಕ್ಕ ಇದ್ರೆ ಅಂತ ಭಯ ಆಗ್ಲಿಲ್ವಾ?"

"ಇದ್ರೆ ಇರ್ಲಿ ಬುಡಪ್ಪ. ಏನಿತ್ತು ಅಂತ ನೋಡ್ದೆ ಹೋದ್ರೆ ರಾತ್ರಿ ನಿದ್ದೆ ಬತ್ತದಾ?"

ಎಷ್ಟು ಕಟ್ಟಿದರೂ ಬಿಸಾಕದೆ ಬೀಜ ಹಾಕುವ ಇಂಥವರನ್ನು ಪೋಕರ್‌ನಲ್ಲಿ ಕಾಲಿಂಗ್ ಸ್ಟೇಷನ್ ಅನ್ನುತ್ತಾರೆ. ಮೈಸೂರಿನಿಂದ ಹೊರಟ ಪ್ಯಾಸೆಂಜರ್ ರೈಲಿನ ಥರ ನನ್ನ ಬ್ಲಫ್ ಶ್ರೀರಂಗಪಟ್ಟಣ, ಪಾಂಡವಪುರ, ಯಲಿಯೂರು, ಮಂಡ್ಯ, ಹನಕೆರೆ ಅಂತ ಐದೂ ಕಡೆ ನಿಂತಿತು. ವಡೆ ಸಿಗುವ ಮದ್ದೂರಿನ ತನಕ ಹೋಗಲೇ ಇಲ್ಲ. ತಪ್ಪು ನನ್ನದೇ ಅನ್ನಿ. ಬ್ಲಫ್ ಅಂದರೆ ಕಥೆ ಹೇಳೋದು. ಕೇಳುವವರು ಬೇಡವಾ? ಇವರು ಮೂರೆಲೆಯಲ್ಲಿ ಶೋ ಕೇಳಿ ಕೇಳಿ ಬೆಳೆದವರು. ಇವರಿಗೆ ಗೆಲ್ಲೋದಕ್ಕಿಂತ ನೋಡೋದೇ ಹಬ್ಬ.

ಇದರ ಮೇಲೆ ಎಕ್ಕದ ಜೋಡಿ ಬಂತು. ಸರಾಸರಿ 221 ಆಟಕ್ಕೆ ಒಂದು ಸಲ ಬರುವ ಭಾಗ್ಯ. ಎದುರಿಗೆ ಒಬ್ಬರೇ ಯಾವುದೋ ಎರಡು ಎಲೆ ಹಿಡಿದು ಕೂತಿದ್ದರೆ ನೂರಕ್ಕೆ 85 ಸಲ ಇದೇ ಗೆಲ್ಲುತ್ತದೆ. ಐದು ಜನ ಹಿಡಿದು ಕೂತಿದ್ದರೆ ಅದೇ ಜೋಡಿ ನೂರಕ್ಕೆ 49ಕ್ಕೆ ಇಳಿಯುತ್ತದೆ. ಜಾಣತನ ಮಾಡಿ ಮೊದಲಿಗೆ ಎರಡೇ ಬೀಜ ಕಟ್ಟಿದ್ದೆ. ಐದೂ ಜನ ಬಂದರು. ಮಾವ ಏಳು-ಮೂರು ಇಟ್ಟುಕೊಂಡು ಎರಡು ಜೋಡಿ ಮಾಡಿದರು.

ಬೀಡಿ ಸೇದುವವನ ಹಾಗೆ ಕೊಟ್ಟಿಗೆ ಹಿಂದೆ ಹೋಗಿ ನಿಂತು ಯೋಚನೆ ಮಾಡಿದೆ. ನಾನು ಬೀಡಿ ಸೇದೋದಿಲ್ಲ, ಹಸು ಸುಮ್ನೆ ನನ್ನನ್ನೇ ನೋಡುತ್ತಿತ್ತು. ವಿಡಿಯೊಗಳಲ್ಲಿ ಹೇಳಿದ್ದು ಹೀಗೆ: ದೊಡ್ಡದಾಗಿ ಕಟ್ಟುವಾಗ ಎರಡು ತುದಿಯ ಎಲೆಗಳನ್ನು ಬೆರೆಸಬೇಕು. ತುಂಬಾ ಒಳ್ಳೆಯದು, ಇಲ್ಲಾ ಏನೂ ಇಲ್ಲದ್ದು. ನಡುವಿನದ್ದಕ್ಕೆ ಏನೂ ಕಟ್ಟದೆ ಸುಮ್ಮನೆ ಆಟ ಮುಂದಕ್ಕೆ ಸಾಗಿಸಬೇಕು. ಎದುರಿನವನು ಆಗ ಗೊಂದಲಕ್ಕೆ ಬೀಳುತ್ತಾನೆ. ಇಲ್ಲಿ ಗೊಂದಲಕ್ಕೆ ಬೀಳುವವರು ಯಾರು? ಹಾಗಾಗಿ ಏನೂ ಇಲ್ಲದ ತುದಿಯನ್ನು ಕತ್ತರಿಸಿ ಎಸೆದೆ. ಅದರ ಜಾಗಕ್ಕೆ ನಡುವಿನ ಎಲೆಗಳನ್ನು ತಂದೆ. ಮೂರರ ಜೋಡಿಗೂ ಬೀಜ ಹಾಕುವವರ ಮುಂದೆ ನನ್ನ ಒಂಬತ್ತರ ಜೋಡಿಯೂ ರಾಜನೇ. ಕೊನೆಗೆ ಕಟ್ಟಿದ್ದಕ್ಕೆ ಬೀಜ ಹಾಕಿದವರನ್ನು ಅರ್ಧಕ್ಕಿಂತ ಜಾಸ್ತಿ ಸಲ ಸೋಲಿಸಿದರೆ ಕಟ್ಟಿದ್ದು ಲಾಭ. ಇನ್ನು ನಿಜವಾಗಿ ಒಳ್ಳೆಯ ಎಲೆ ಬಂದಾಗ ನಾಚಿಕೆ ಬಿಟ್ಟು ಕಟ್ಟಬೇಕು, ಮೊದಲ ಸುತ್ತಿನಿಂದಲೇ. 15 ಕಟ್ಟಿದರೂ 30 ಕಟ್ಟಿದರೂ ಭಾವಮೈದನ ಮುಖ ಒಂದೇ ಥರ ಇರುತ್ತದೆ. ಹಾಗಿದ್ದ ಮೇಲೆ 15 ಯಾಕೆ?

ಇದು ಕೆಲಸ ಮಾಡಿತು ನೋಡಿ. ಒಂದು ಗಂಟೆಯಲ್ಲಿ ನನ್ನ ಮುಂದೆ 240 ಬೀಜ. "ಭಾವ ಈಗ ಆಟ ಕಲ್ತ್ರು ಕನವ್ವ" ಅಂದ ಭಾವಮೈದ. ಕಲಿಸಿದವನು ನಾನು ಅಂತ ಹೇಳಲು ಹೋಗಲಿಲ್ಲ.

ಕೊನೆಯ ಆಟ. ನನಗೆ ರಾಜ, ಗುಲಾಮ. ಚಾಪೆ ಮೇಲೆ ರಾಜ, ಗುಲಾಮ, ಒಂಬತ್ತು, ನಾಲ್ಕು, ಎರಡು. ಎರಡು ಜೋಡಿ! ಖುಷಿಯಿಂದ 30 ಕಟ್ಟಿದೆ. ಬೆಳಗ್ಗೆಯಿಂದ ಬರೀ ನೋಡೇಬುಡಾನ ಅನ್ನುತ್ತಿದ್ದ ಅಜ್ಜಿ, ಮಡಿಲಲ್ಲಿದ್ದ ಅಷ್ಟೂ ಬೀಜವನ್ನು ಸರಕ್ಕನೆ ಮಧ್ಯಕ್ಕೆ ತಳ್ಳಿತು. ನನ್ನ ಕೈ ತಣ್ಣಗಾಯಿತು. ಯಾವತ್ತೂ ಏರಿಸದವರು ಏರಿಸಿದರೆ ನಂಬಬೇಕು, ಇದು ಪಾಠದ ಕೊನೆಯ ಸೂತ್ರ. ರಾಣಿ-ಹತ್ತು ಇರಲೇಬೇಕು, ಒಂಬತ್ತರಿಂದ ರಾಜನವರೆಗೆ ಸಾಲು ಕೂಡಿದೆ. ಎರಡು ನಿಮಿಷ ಯೋಚಿಸಿ, ಎದೆ ಗಟ್ಟಿ ಮಾಡಿಕೊಂಡು ಎಲೆ ಬಿಸಾಕಿದೆ. ಆ ಚಾಪೆ ಮೇಲೆ ಅವತ್ತು ಎಲೆ ಬಿಸಾಕಿದ ಮೊದಲ ಮನುಷ್ಯ ನಾನು.

"ನೋಡೇಬುಡಾನ" ಅಂದ ಭಾವಮೈದ. ಅವನದ್ದು ನಾಲ್ಕರ ಜೋಡಿ.

ಅಜ್ಜಿ ಎಲೆ ತಿರುಗಿಸಿತು. ರಾಣಿ, ಮೂರು. ಏನೂ ಇಲ್ಲ.

ಭಾವಮೈದ ಎರಡೂ ಕೈಯಲ್ಲಿ ಬೀಜ ಬಾಚಿಕೊಳ್ಳುತ್ತಿದ್ದ. ನಾನು ಬಿಸಾಕಿದ ಎಲೆಗಳನ್ನು ಎತ್ತಿ ನೋಡಿದ ಹೆಂಡತಿ ಮಾತೇ ಆಡಲಿಲ್ಲ. "ಅಜ್ಜಿ, ಏನೂ ಇಲ್ದೆ ಅಷ್ಟೂ ಯಾಕೆ ಇಟ್ರಿ?" ಅಂದೆ.

ಅಜ್ಜಿ ಆಗಲೇ ಮೊಣಕಾಲು ಹಿಡಿದುಕೊಂಡು ಎದ್ದಿತ್ತು. "ಒಳ್ಗೆ ಮುದ್ದೆ ಆರ್ತಾ ಐತೆ ಕಣಪ್ಪ. ಬಿರ್‍ನೆ ಮುಗೀಲಿ ಅಂತ."